ಕೋಳಿಮರಿ ಹುಂಜನೋ ಹೇಂಟೆಯೋ? ಮೊದಲ ದಿನದಿಂದ ನಾಲ್ಕು ತಿಂಗಳವರೆಗೆ ನೋಡೋ ಕ್ರಮ

ಮರಿ ಒಡೆದು ಎರಡು ದಿನ ಆಗಿರೋದಿಲ್ಲ, ಮನೇಲಿ ಶುರು ಆಗ್ತದೆ, ಇದ್ರಲ್ಲಿ ಹೇಂಟೆ ಎಷ್ಟು ಹುಂಜ ಎಷ್ಟು ಅಂತ. ಕೇಳೋದು ಸಹಜವೇ. ಹೇಂಟೆ ಆದ್ರೆ ಮೊಟ್ಟೆಗೆ ಇಟ್ಕೊಳ್ಳೋದು, ಹುಂಜ ಆದ್ರೆ ಹಬ್ಬಕ್ಕೋ ಹರಕೆಗೋ ಇಲ್ಲಾ ಮಾರೋದಕ್ಕೋ, ಮುಂದಿನ ಲೆಕ್ಕ ಎಲ್ಲಾ ಅದ್ರ ಮೇಲೇ ನಿಂತಿರ್ತದೆ. ಆದ್ರೆ ನಮ್ಮ ಕುಮಟಾ, ಅಂಕೋಲಾ, ಕಾರವಾರ ಕಡೆ ಹಿತ್ತಿಲಲ್ಲಿ ಓಡಾಡೋದು ಹೆಚ್ಚಾಗಿ ಕಲಬೆರಕೆ ನಾಟಿ, ಅದ್ರ ಅಪ್ಪ ಯಾರು ಅನ್ನೋದು ಪಕ್ಕದ ಮನೆ ಹುಂಜಕ್ಕೇ ಗೊತ್ತು. ಹಾಗಾಗಿ ಹ್ಯಾಚರಿ ಮರಿಗೆ ಅಂತ ಮಾಡಿದ ವಿಡಿಯೋ ನೋಡ್ಕೊಂಡು ನಮ್ಮ ಮರಿ ರೆಕ್ಕೆ ಬಿಡಿಸಿ ನೋಡಿದ್ರೆ ಏನೂ ಪ್ರಯೋಜನ ಇಲ್ಲ.

ಮೊದ್ಲೇ ಹೇಳ್ಬಿಡ್ತೇನೆ. ನಾಟಿ ಮರೀಲಿ ಮೊದಲ ಮೂರು ವಾರ ಗ್ಯಾರಂಟಿ ಹೇಳೋಕೆ ಆಗೋದಿಲ್ಲ, ಆರನೇ ವಾರದ ಹೊತ್ತಿಗೆ ಮುಕ್ಕಾಲು ಪಾಲು ಗೊತ್ತಾಗ್ತದೆ, ಹತ್ತು ಹನ್ನೆರಡು ವಾರಕ್ಕೆ ಸೊಂಟದ ಗರಿ ಬಂದ ಮೇಲೆ ಅನುಮಾನವೇ ಇರೋದಿಲ್ಲ. ಇಷ್ಟೇ ವಿಷಯ. ಆದ್ರೆ ಮಧ್ಯದಲ್ಲಿ ಎಲ್ಲಿ ಏನು ನೋಡ್ಬೇಕು, ಯಾವುದಕ್ಕೆ ಮೋಸ ಹೋಗ್ಬಾರ್ದು ಅನ್ನೋದು ಸ್ವಲ್ಪ ಉದ್ದದ ಕತೆ.

ಮೊದ್ಲು ಈ ಪರೀಕ್ಷೆ ಎಲ್ಲಾ ಬಿಟ್ಬಿಡಿ

ಉದ್ದ ಚೂಪು ಮೊಟ್ಟೆ ಇಟ್ರೆ ಹುಂಜ, ಗುಂಡು ಮೊಟ್ಟೆ ಇಟ್ರೆ ಹೇಂಟೆ ಅಂತ ಪ್ರತಿ ಊರಲ್ಲೂ ಒಬ್ರು ಅಜ್ಜಿ ಹೇಳ್ತಾರೆ. ಅಜ್ಜಿ ಮೇಲೆ ಗೌರವ ಇಟ್ಕೊಂಡೇ ಹೇಳ್ತೇನೆ, ಅದು ಆಗೋ ಮಾತಲ್ಲ. ಮನುಷ್ಯರಲ್ಲಿ ಮಗು ಗಂಡೋ ಹೆಣ್ಣೋ ಅನ್ನೋದು ಅಪ್ಪನ ಕಡೆಯಿಂದ ನಿರ್ಧಾರ ಆಗ್ತದೆ, ಕೋಳೀಲಿ ಉಲ್ಟಾ. ಹುಂಜಕ್ಕೆ ಎರಡೂ ಝಡ್ ಕ್ರೋಮೋಸೋಮ್, ಹೇಂಟೆಗೆ ಒಂದು ಝಡ್ ಒಂದು ಡಬ್ಲ್ಯೂ, ಹಾಗಾಗಿ ತೀರ್ಮಾನ ತಾಯಿದು, ಅದೂ ಹಳದಿ ಭಾಗ ಅಂಡಾಶಯದಿಂದ ಬಿಡುಗಡೆ ಆಗೋ ಹೊತ್ತಿಗೇ. ಚಿಪ್ಪಿನ ಆಕಾರ ಬರೋದು ಅದಾದ ಮೇಲೆ ಕೆಳಗಿನ ನಾಳದಲ್ಲಿ. ಎರಡಕ್ಕೂ ಸಂಬಂಧ ಇಲ್ಲ. ನೀವೇ ಗಮನಿಸಿ ನೋಡಿ, ಒಂದು ಹೇಂಟೆ ವರ್ಷವಿಡೀ ಹೆಚ್ಚುಕಮ್ಮಿ ಒಂದೇ ಆಕಾರದ ಮೊಟ್ಟೆ ಇಡ್ತದೆ, ಆದ್ರೂ ಅದ್ರ ಮರೀಲಿ ಹುಂಜನೂ ಇರ್ತದೆ ಹೇಂಟೆನೂ ಇರ್ತದೆ.

ಮೊಟ್ಟೆ ಮೇಲೆ ದಾರಕ್ಕೆ ಉಂಗುರ ಕಟ್ಟಿ ತೂಗಿಸೋದು, ಮರೀನ ಕಾಲು ಹಿಡಿದು ತಲೆಕೆಳಗೆ ಮಾಡಿ ಒದ್ದಾಡ್ತದಾ ನೋಡೋದು, ಕುತ್ತಿಗೆ ಹಿಡಿದು ಎತ್ತೋದು, ಇದ್ಯಾವುದರಿಂದಲೂ ಏನೂ ತಿಳಿಯೋದಿಲ್ಲ. ಒಗೆದ ನಾಣ್ಯದ ಹಾಗೆ ಅರ್ಧಕ್ಕರ್ಧ ಸರಿ ಬರ್ತದೆ, ಸರಿ ಬಂದದ್ದು ಮಾತ್ರ ಜನ ನೆನಪಿಟ್ಕೊಳ್ತಾರೆ. ಇನ್‌ಕ್ಯುಬೇಟರ್ ಬಿಸಿ ಹೆಚ್ಚುಕಮ್ಮಿ ಮಾಡಿ ಹೇಂಟೆ ಹೆಚ್ಚು ಬರಿಸ್ತೇನೆ ಅನ್ನೋರೂ ಇದ್ದಾರೆ, ಕೋಳೀಲಿ ಬಿಸಿಯಿಂದ ಲಿಂಗ ಬದಲಾಗೋದಿಲ್ಲ, ಮರಿ ಸಾಯ್ತದೆ ಅಷ್ಟೇ.

ಇನ್ನೊಂದು ಮಾತು. ಒಟ್ಟಾರೆ ಅರ್ಧ ಹುಂಜ ಅರ್ಧ ಹೇಂಟೆ ಅಂದ್ರೂ ಒಂದು ಕಾವಿಗೆ ಆ ಲೆಕ್ಕ ಹಿಡಿಯೋಕೆ ಬರೋದಿಲ್ಲ. 10 ಮರೀಲಿ 7 ಅಥವಾ ಅದಕ್ಕಿಂತ ಹೆಚ್ಚು ಹುಂಜ ಬರೋದು ಸುಮಾರು 6 ಕಾವಿಗೆ ಒಂದು ಸಲ ಆಗೋ ಸಂಗತಿ. ದೃಷ್ಟಿ ಆಯ್ತು ಅಂತ ತಲೆ ಕೆಡಿಸ್ಕೊಳ್ಳೋ ಅಗತ್ಯ ಇಲ್ಲ.

ಒಂದು ದಿನದ ಮರೀಲಿ ಏನು ಸಾಧ್ಯ

ಹ್ಯಾಚರಿಗಳಲ್ಲಿ ದಿನದ ಮರೀನೇ ಬೇರೆ ಮಾಡ್ತಾರಲ್ಲ, ನಾವ್ಯಾಕೆ ಮಾಡ್ಬಾರ್ದು ಅಂತ ಕೇಳ್ತೀರಿ. ಅಲ್ಲಿ ಮೂರು ದಾರಿ ಇದೆ.

ಒಂದನೇದು ಗುದದ್ವಾರ ಬಿಡಿಸಿ ಒಳಗಿನ ಸಣ್ಣ ಗುಬುಟು ನೋಡೋದು. ಇದನ್ನ ಜಪಾನಿನವರು 1920ರ ದಶಕದಲ್ಲಿ ಕಂಡುಹಿಡಿದು ಆಮೇಲೆ ಜಗತ್ತಿಗೆಲ್ಲಾ ಕಲಿಸಿದ್ರು, ಪಳಗಿದವರು ಗಂಟೆಗೆ ಸಾವಿರದ ಹತ್ತಿರ ಮರಿ ನೋಡಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಸರಿ ಹೇಳ್ತಾರೆ. ಆದ್ರೆ ಆ ಗುಬುಟು ಗುಂಡುಸೂಜಿ ತಲೆಗಿಂತ ದೊಡ್ಡದಿರೋದಿಲ್ಲ, ಕೆಲವು ಹೆಣ್ಣುಮರೀಲೂ ಇರ್ತದೆ, ಅದಕ್ಕೇ ಕಲಿಯೋಕೆ ವರ್ಷಗಟ್ಲೆ ಹಿಡೀತದೆ. ಮನೇಲಿ ಮಾಡೋಕೆ ಹೋಗ್ಬೇಡಿ ದಯವಿಟ್ಟು. ಹುಟ್ಟಿದ ಮರಿ ಹೊಟ್ಟೇಲಿ ಇನ್ನೂ ಹಳದಿ ಚೀಲ ಉಳಿದಿರ್ತದೆ, ಒತ್ತಿದ್ರೆ ಅದು ಒಡೆದು ಮರಿ ಹೋಗ್ತದೆ.

ಎರಡನೇದು ರೆಕ್ಕೆ ನೋಡೋದು. ರೆಕ್ಕೆ ಬಿಡಿಸಿದ್ರೆ ಎರಡು ಸಾಲು ಎಳೇ ಗರಿ ಕಾಣ್ತದೆ, ಕೆಳಗಿನ ಸಾಲು ಉದ್ದ ಇದ್ರೆ ಹೇಂಟೆ, ಎರಡೂ ಒಂದೇ ಉದ್ದ ಇದ್ರೆ ಇಲ್ಲಾ ಮೇಲಿನದೇ ಉದ್ದ ಇದ್ರೆ ಹುಂಜ ಅಂತ ವಿಡಿಯೋದಲ್ಲಿ ತೋರಿಸ್ತಾರೆ. ಸುಳ್ಳಲ್ಲ ಅದು, ಆದ್ರೆ ಎಲ್ಲಾ ಕೋಳಿಗೂ ಅಲ್ಲ. ಗರಿ ನಿಧಾನ ಬರಿಸೋ ಜೀನ್ ಝಡ್ ಕ್ರೋಮೋಸೋಮಿನಲ್ಲಿ ಇರೋದ್ರಿಂದ, ಗರಿ ಬೇಗ ಬರೋ ಹುಂಜಕ್ಕೆ ಗರಿ ನಿಧಾನ ಬರೋ ಹೇಂಟೆ ಬೇಕಂತಲೇ ಕೂಡಿಸಿದ್ರೆ ಮಾತ್ರ ಗಂಡುಮರಿ ನಿಧಾನ, ಹೆಣ್ಣುಮರಿ ಬೇಗ ಆಗ್ತದೆ. ಕಂಪನಿಯವರು ಆ ಜೋಡಿ ಮಾಡೇ ಮರಿ ತೆಗೀತಾರೆ. ನಮ್ಮ ಹಿತ್ತಿಲಲ್ಲಿ ಆ ಜೋಡಿ ಯಾರು ಮಾಡಿದ್ದಾರೆ? ಇಲ್ಲಿ ರೆಕ್ಕೆ ನೋಡಿದ್ರೆ ಯಾವ ಮರಿಗೆ ಗರಿ ಬೇಗ ಬರ್ತದೆ ಅನ್ನೋದು ಮಾತ್ರ ತಿಳೀತದೆ.

ಮೂರನೇದು ಬಣ್ಣ. ಇದೊಂದು ಮಾತ್ರ ಮನೇಲೂ ಉಪಯೋಗಕ್ಕೆ ಬರ್ಬಹುದು. ನಿಮ್ಮ ಹತ್ರ ಮೈತುಂಬ ಬಿಳಿ-ಕಪ್ಪು ಅಡ್ಡಪಟ್ಟೆ ಇರೋ ಹೇಂಟೆ ಇದ್ದು, ಹುಂಜ ಪಟ್ಟೆ ಇಲ್ಲದ ಕೆಂಪು ಅಥವಾ ಕಪ್ಪು ಆಗಿದ್ರೆ, ಹುಟ್ಟೋ ಕಪ್ಪು ಮರಿಗಳ ನೆತ್ತಿ ನೋಡಿ. ನೆತ್ತಿ ಮೇಲೆ ಬಿಳಿ ಚುಕ್ಕೆ ಇದ್ರೆ ಹುಂಜ, ಇಲ್ಲದಿದ್ರೆ ಹೇಂಟೆ. ಪಟ್ಟೆಯ ಜೀನೂ ಝಡ್‌ನಲ್ಲೇ ಇರೋದು, ತಾಯಿ ತನ್ನ ಒಂದೇ ಝಡ್ ಗಂಡುಮಕ್ಕಳಿಗೆ ಮಾತ್ರ ಕೊಡ್ತದೆ. ಆದ್ರೆ ಹುಂಜನೇ ಪಟ್ಟೆದಾದ್ರೆ ಈ ಲೆಕ್ಕ ಬಿದ್ದುಹೋಗ್ತದೆ, ಹುಂಜ ಬಿಳಿದಾದ್ರೂ ನಂಬೋಕಾಗೋದಿಲ್ಲ. ಅಪ್ಪ ಯಾರು ಅನ್ನೋದು ಖಾತ್ರಿ ಇರ್ಬೇಕು. ಹೇಂಟೆ ಒಂದು ಸಲ ಕೂಡಿದ್ರೆ ಎರಡು ವಾರದ ಮೇಲೂ ಆ ಹುಂಜದ ಬೀಜ ಒಳಗೇ ಇಟ್ಕೊಂಡಿರ್ತದೆ, ಅದಕ್ಕೇ ಬೇರೆ ಹುಂಜ ಹತ್ರ ಬರದ ಹಾಗೆ ಮೂರು ವಾರ ಬೇರೆ ಇಟ್ಟು ಆಮೇಲಿನ ಮೊಟ್ಟೆ ಮಾತ್ರ ಕಾವಿಗೆ ಇಡ್ಬೇಕು.

ಬೆನ್ನ ಮೇಲೆ ಕಂದು ಪಟ್ಟೆ ಇರೋ ಮರಿಗಳಲ್ಲಿ ಹೆಣ್ಣುಮರಿಯ ಪಟ್ಟೆ ಅಂಚು ಗೀಟು ಎಳೆದಷ್ಟು ಸ್ಪಷ್ಟ, ಕಣ್ಣಿನ ಹಿಂದಿನ ಗೆರೆ ಗಾಢ, ಗಂಡಿನದ್ದು ಸ್ವಲ್ಪ ಮಸುಕು ಅಂತಾರೆ. ಶುದ್ಧ ತಳೀಲಿ ತಕ್ಕಮಟ್ಟಿಗೆ ಹೌದು. ಕಲಬೆರಕೇಲಿ ಇದನ್ನ ಬರೆದಿಟ್ಕೊಳ್ಳಿ ಸಾಕು, ತೀರ್ಪು ಕೊಡ್ಬೇಡಿ.

ಮರಿಗೆ ಗುರುತು ಹಾಕೋದು

ಇದನ್ನ ಯಾರೂ ಮಾಡೋದಿಲ್ಲ, ಆಮೇಲೆ "ಹೋದ ವಾರ ಜುಟ್ಟು ಕೆಂಪಿದ್ದದ್ದು ಇದಾ ಅದಾ" ಅಂತ ಜಗಳ. ಒಂದೇ ದಿನ ನೋಡಿದ್ರೆ ಏನೂ ತಿಳಿಯೋದಿಲ್ಲ, ಒಂದೇ ಮರೀನ ವಾರ ವಾರ ನೋಡ್ಬೇಕು. ಸುಲಭದ ದಾರಿ ಅಂದ್ರೆ ಉಗುರಿಗೆ ಹಚ್ಚೋ ಪಾಲಿಷ್. ಒಂದು ಮರಿಗೆ ಬಲಗಾಲಿನ ನಡು ಉಗುರು, ಇನ್ನೊಂದಕ್ಕೆ ಎಡಗಾಲು, ಬೇರೆ ಬೇರೆ ಬಣ್ಣ ಇದ್ರೆ ಇನ್ನೂ ಒಳ್ಳೇದು, ವಾರಕ್ಕೊಮ್ಮೆ ಮತ್ತೆ ಹಚ್ಚಿ, ಕೆದರಿ ಕೆದರಿ ಹೋಗಿರ್ತದೆ. ಕಾಲಿಗೆ ದಾರ ಕಟ್ಟೋದಾದ್ರೆ ಸಡಿಲ ಇರ್ಲಿ, ವಾರ ವಾರ ಬಿಚ್ಚಿ ಕಟ್ಟಲೇಬೇಕು, ಮರಿ ಕಾಲು ದಪ್ಪ ಆಗೋ ವೇಗಕ್ಕೆ ದಾರ ಚರ್ಮದೊಳಗೆ ಹೂತು ಹೋಗ್ತದೆ. ಜೊತೆಗೆ ಮೊಬೈಲಲ್ಲಿ ಪ್ರತಿ ಮರಿದು ಪಕ್ಕದಿಂದ ಒಂದು ಫೋಟೋ, ಬೆಳಗಿನ ಬೆಳಕಲ್ಲಿ. ಬಲ್ಬಿನ ಹಳದಿ ಬೆಳಕಲ್ಲಿ ತೆಗೆದ್ರೆ ಎಲ್ಲಾ ಜುಟ್ಟೂ ಕೆಂಪಾಗೇ ಕಾಣ್ತದೆ.

ಮೂರರಿಂದ ಆರು ವಾರ: ಜುಟ್ಟು, ಬೆನ್ನು, ಕಾಲು

ಇಲ್ಲಿಂದ ನಿಜವಾದ ಕೆಲಸ. ಒಂದೇ ಕಾವಿನ, ಒಂದೇ ತಾಯಿಯ ಎರಡು ಮರಿ ತಗೊಂಡು ಪಕ್ಕಪಕ್ಕ ಹಿಡೀರಿ. ಬೇರೆ ಕಾವಿನ ಮರಿ ಬೇಡ, ನಾಲ್ಕು ದಿನ ಹೆಚ್ಚುಕಮ್ಮಿ ಆದ್ರೂ ಈ ವಯಸ್ಸಲ್ಲಿ ಲೆಕ್ಕ ತಪ್ತದೆ. ನಾಟಿ ಕೋಳಿ ಅಡಿಗೆ ಗಿರಿರಾಜ ತಳಿಯ ಮೊಟ್ಟೆನೂ ಸೇರಿಸಿ ಕಾವಿಗೆ ಇಟ್ಟಿದ್ರಂತೂ ಗಿರಿರಾಜ ಮರಿ ಬೇಗ ದೊಡ್ಡದಾಗ್ತದೆ, ಅದನ್ನ ನೋಡಿ ಎಲ್ಲಾ ಹುಂಜ ಅಂತ ಹೇಳ್ಬಿಡ್ತಾರೆ. ಗಿರಿರಾಜನ ಗಿರಿರಾಜದ ಜೊತೆನೇ ಹೋಲಿಸಿ.

ಜುಟ್ಟನ್ನ ಮೇಲಿಂದ ನೋಡ್ಬೇಡಿ, ಪಕ್ಕದಿಂದ ನೋಡಿ. ಕೊಕ್ಕಿನ ಬುಡದಿಂದ ನೆತ್ತಿವರೆಗೆ ಒಂದು ಸಣ್ಣ ಅಂಚು ಎದ್ದಿರ್ತದೆ. ಹೇಂಟೇಲಿ ಅದು ತೆಳು, ತಗ್ಗು, ಬಣ್ಣ ತಿಳಿ ಹಳದಿ, ಹಲ್ಲುಗಳು ಕಂಡೂ ಕಾಣದ ಹಾಗೆ. ಹುಂಜದಲ್ಲಿ ಬುಡವೇ ದಪ್ಪ, ಹಲ್ಲು ಬಿಡಿಬಿಡಿಯಾಗಿ ಎದ್ದಿರ್ತದೆ, ನಾಲ್ಕನೇ ವಾರಕ್ಕೆ ಹಳದಿಗೆ ಗುಲಾಬಿ ಬೆರೀತದೆ, ಆರನೇ ವಾರಕ್ಕೆ ಕೆಂಪು. ಅದ್ರ ಜೊತೆಗೇ ಕೊಕ್ಕಿನ ಕೆಳಗೆ ಬೆರಳಿಟ್ಟು ನೋಡಿ, ಹುಂಜಕ್ಕೆ ಎರಡು ಬದಿಗೂ ಜೋಲು, ಅಂದ್ರೆ ನೇತಾಡೋ ಚರ್ಮ, ಮೂಡಿದ್ದು ತಿಳೀತದೆ, ಹೇಂಟೇಲಿ ಬರೀ ಚರ್ಮದ ಸುಕ್ಕು. ಜುಟ್ಟು ಒಂದೇ ಕೆಂಪಾಗಿದ್ರೆ ಅನುಮಾನ ಇಟ್ಕೊಳ್ಳಿ, ಜುಟ್ಟೂ ಜೋಲೂ ಎರಡೂ ಒಟ್ಟಿಗೆ ಬಂದ್ರೆ ಹುಂಜ ಅಂತ ಬರ್ಕೊಳ್ಳಿ.

ಜುಟ್ಟು ಬೆಳೆಸೋದು ಗಂಡಿನ ವೃಷಣದಿಂದ ಬರೋ ಹಾರ್ಮೋನು. 1849ರಲ್ಲಿ ಜರ್ಮನಿಯ ಬರ್ಟ್‌ಹೋಲ್ಡ್ ಅನ್ನೋ ವಿಜ್ಞಾನಿ ಎಳೇ ಹುಂಜಗಳ ವೃಷಣ ತೆಗೆದು ನೋಡಿದ್ರು, ಜುಟ್ಟು ಬೆಳೀಲಿಲ್ಲ, ಕೂಗಲೂ ಇಲ್ಲ. ಅದೇ ವೃಷಣವನ್ನ ಹೊಟ್ಟೆಯೊಳಗೆ ಬೇರೆ ಕಡೆ ಕೂರಿಸಿದ್ರೆ ಮಾಮೂಲಿ ಹುಂಜದ ಹಾಗೇ ಬೆಳೆದ್ವು. ಹಾರ್ಮೋನು ವಿಜ್ಞಾನ ಶುರುವಾಗಿದ್ದೇ ಕೋಳಿ ಜುಟ್ಟಿನಿಂದ ಅಂದ್ರೂ ತಪ್ಪಿಲ್ಲ.

ನಮ್ಮ ಕರಾವಳಿಗೆ ಮಾತ್ರ ಒಂದು ತಕರಾರು ಇದೆ, ಮಳೆಗಾಲ. ಜೂನ್‌ನಿಂದ ನೆಲ ಒಣಗೋದೇ ಇಲ್ಲ, ಹಸಿ ನೆಲದ ಮರಿಗಳಿಗೆ ಕಾಕ್ಸಿಡಿಯೋಸಿಸ್, ಅಂದ್ರೆ ರಕ್ತಬೇಧಿ, ಹಿಡಿದ್ರೆ ರಕ್ತ ಕಮ್ಮಿಯಾಗಿ ಹುಂಜದ ಜುಟ್ಟೂ ಬಿಳಿಚಿಕೊಳ್ತದೆ. ಹೊಟ್ಟೇಲಿ ಹುಳ ಇದ್ರೂ ಹಾಗೇ. ಗರಿ ಕೆದರಿಕೊಂಡು ಮೂಲೇಲಿ ಕೂತ ಮರೀನ ಹೇಂಟೆ ಅಂತ ಲೆಕ್ಕಕ್ಕೆ ಹಾಕ್ಬೇಡಿ, ಮೊದ್ಲು ಪಶು ಆಸ್ಪತ್ರೇಲಿ ಔಷಧಿ ಕೇಳಿ, ಗುಣ ಆದ ಎರಡು ವಾರದ ಮೇಲೆ ಜುಟ್ಟು ನೋಡಿ.

ಬೆನ್ನು ನೋಡೋದು ಇನ್ನೂ ಸುಲಭ. ಹೆಣ್ಣುಮರಿಗೆ ಗರಿ ಎಲ್ಲಾ ಕಡೆ ಒಂದೇ ಸಮ ಬರ್ತದೆ, ಪುಟ್ಟ ಬಾಲನೂ ಬೇಗ, ನಾಲ್ಕು ವಾರಕ್ಕೇ ಅಚ್ಚುಕಟ್ಟಾಗಿ ಸಣ್ಣ ಕೋಳಿನೇ ಆಗಿರ್ತದೆ. ಗಂಡುಮರಿ ಅದೇ ವಯಸ್ಸಲ್ಲಿ ಭುಜ ಬೆನ್ನು ಎಲ್ಲಾ ಬೋಳು ಬೋಳು, ಬಾಲ ಮೋಟು, ನೋಡೋಕೆ ಚೆಂದವೇ ಇಲ್ಲ. ಕಾಲು ಹುಂಜದ್ದು ದಪ್ಪ, ಮೊಣಕಾಲು ಗಟ್ಟಿ, ನಿಲುವು ನೆಟ್ಟಗೆ. ಆದ್ರೆ ಕಾಲೊಂದೇ ನೋಡಿ ಹೇಳೋದು ಬೇಡ, ಎದೆಗೆ ಎದೆ ಕೊಟ್ಟು ಜಗಳ ಆಡೋದನ್ನ ನೋಡಿ ಹೇಳೋದೂ ಬೇಡ, ಈ ವಯಸ್ಸಲ್ಲಿ ಹೇಂಟೆಗಳೂ ಹಾಗೇ ಹಾರ್ತವೆ.

ಏಳೆಂಟು ವಾರ: ಎದೆ ಬಣ್ಣ

ಕೆಂಪು-ಕಪ್ಪು ಮಾಮೂಲಿ ನಾಟಿ ಬಣ್ಣದ ಮರೀಲಿ ಈ ಹೊತ್ತಿಗೆ ಎದೆ ಹೇಳ್ಬಿಡ್ತದೆ. ಹುಂಜದ ಎದೇಲಿ ಕಪ್ಪು ಗರಿ ಹುಟ್ಟೋಕೆ ಶುರು, ರೆಕ್ಕೆ ಮೇಲ್ಭಾಗದಲ್ಲಿ ಗಾಢ ಕೆಂಪು ತೇಪೆ ತೇಪೆಯಾಗಿ ಬರ್ತದೆ. ಹೇಂಟೆ ಎದೆ ತಿಳಿ ಕಂದು, ಮೈಮೇಲಿನ ಕಂದು ಒಂದೇ ಸಮ. ಒಟ್ಟಲ್ಲಿ ಬಣ್ಣ ತೇಪೆ ಹಚ್ಚಿದ ಹಾಗೆ ಬಂದ್ರೆ ಹುಂಜ ಕಡೆ, ಸಮವಾಗಿ ಬಂದ್ರೆ ಹೇಂಟೆ ಕಡೆ. ಪೂರಾ ಕಪ್ಪು, ಪೂರಾ ಬಿಳಿ ಮರೀಲಿ ಇದು ನಡೆಯೋದಿಲ್ಲ.

ಹತ್ತರಿಂದ ಹದಿನಾಲ್ಕು ವಾರ: ಸೊಂಟದ ಗರಿ, ಇದೇ ತೀರ್ಪು

ಎಲ್ಲಾ ಬಿಟ್ಟು ಇದೊಂದು ಕಲ್ತರೂ ಸಾಕು. ಸಂಜೆ ಗೂಡಿಗೆ ಹೋದ ಮೇಲೆ ಕೋಳಿ ಹಿಡಿಯೋಕೆ ಸುಲಭ, ಆಗ ಎತ್ಕೊಳ್ಳಿ. ಎಡಗೈಯಲ್ಲಿ ಎದೆ ಕೆಳಗೆ ಆಧಾರ ಕೊಟ್ಟು, ತಲೆ ನಿಮ್ಮ ಕಂಕುಳ ಕಡೆ, ಬಾಲ ಹೊರಗೆ ಬರೋ ಹಾಗೆ ಹಿಡಿದು, ಮೊಬೈಲ್ ಟಾರ್ಚ್ ಹಾಕಿ ಬಾಲದ ಬುಡಕ್ಕೆ ಮುಂಚೆ ಇರೋ ಸೊಂಟದ ಭಾಗ ನೋಡಿ. ಹಳೇ ಗರಿಗಳ ಮಧ್ಯೆ ಹೊಸದಾಗಿ ಬರ್ತಿರೋ ಗರಿ ಇರ್ತದೆ, ಬುಡದಲ್ಲಿ ಇನ್ನೂ ನೀಲಿ ಕೊಳವೆ ಕಾಣೋದು. ಆ ಹೊಸ ಗರಿ ಒಂದನ್ನ ಬೆರಳಲ್ಲಿ ಬಿಡಿಸಿ ತುದಿ ನೋಡಿ. ತುದಿ ದುಂಡಗೆ, ಅಗಲವಾಗಿ ಇದ್ರೆ ಹೇಂಟೆ. ತುದಿ ಚೂಪಾಗಿ, ಗರಿ ಸಣ್ಣಗೆ ಉದ್ದಕ್ಕೆ, ಅಂಚಿನ ಎಳೆಗಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ, ಬೆಳಕು ಬಿದ್ರೆ ಹೊಳೀತಿದ್ರೆ ಹುಂಜ. ಒಂದೇ ಗರಿ ಬಂದಿದ್ರೂ ಸಾಕು.

ಯಾಕೆ ಇಷ್ಟು ನಂಬಿಕೆ ಅಂದ್ರೆ, ಗರಿ ದುಂಡಗೆ ಆಗೋದಕ್ಕೆ ಹೆಣ್ಣಿನ ಹಾರ್ಮೋನು ಈಸ್ಟ್ರೋಜೆನ್ ಬೇಕು. ಅದು ಇಲ್ಲದಿದ್ರೆ ಕೋಳಿಗೆ ಬರೋದೇ ಚೂಪು ಗರಿ. ಜುಟ್ಟು ಕಾಯಿಲೆಗೆ ಬಿಳಿಚಿಕೊಳ್ತದೆ, ಮೊಟ್ಟೆ ಇಡೋ ಹೊತ್ತಿಗೆ ಹೇಂಟೆದೂ ಕೆಂಪಾಗ್ತದೆ, ಸೊಂಟದ ಗರಿ ಹಾಗೆಲ್ಲಾ ಮಾತು ಬದಲಾಯಿಸೋದಿಲ್ಲ. ಕುತ್ತಿಗೆ ಗರಿಯಲ್ಲೂ ಇದೇ ವ್ಯತ್ಯಾಸ ಇರ್ತದೆ, ಆದ್ರೆ ಹೇಂಟೆ ಕುತ್ತಿಗೆ ಗರಿಯೂ ಸ್ವಲ್ಪ ಸಣ್ಣಗೇ ಇರೋದ್ರಿಂದ ಹೊಸಬರಿಗೆ ಗೊಂದಲ ಆಗ್ತದೆ, ಸೊಂಟವೇ ಮೇಲು. ಬಾಲದಲ್ಲಿ ಕತ್ತಿಯ ಹಾಗೆ ಬಾಗಿದ ಗರಿ ಬರೋದು ಇನ್ನೂ ತಡ, ಅಷ್ಟೊತ್ತಿಗೆ ಯಾರಿಗಾದ್ರೂ ಗೊತ್ತಾಗ್ತದೆ ಬಿಡಿ.

ಕೂಗಿದ್ದೆಲ್ಲ ಹುಂಜನಾ

ಬಹುಪಾಲು ಹೌದು. ಹೆಚ್ಚಿನವು ಮೂರರಿಂದ ನಾಲ್ಕು ತಿಂಗಳಿಗೆ ಗಂಟಲು ಕಟ್ಟಿದ ದನಿಯಲ್ಲಿ ಕೂಗೋಕೆ ಶುರು ಮಾಡ್ತವೆ. ಆದ್ರೆ ಕೂಗ್ಲಿಲ್ಲ ಅಂತ ಹೇಂಟೆ ಅನ್ಬೇಡಿ, ದೊಡ್ಡ ಹುಂಜ ಇದ್ರೆ ಎಳೇದು ಬಾಯಿ ಮುಚ್ಕೊಂಡೇ ಇರ್ತದೆ. ಬೆಳಗಿನ ಕೂಗು ಶುರು ಮಾಡೋದು ಗುಂಪಿನ ಯಜಮಾನ ಹುಂಜ, ಉಳಿದವು ಅದ್ರ ಹಿಂದೆ ತಮ್ಮ ತಮ್ಮ ಸ್ಥಾನದ ಪ್ರಕಾರ ಕೂಗ್ತವೆ ಅಂತ ಜಪಾನಿನ ನಗೋಯಾದ ಸಂಶೋಧಕರು 2015ರಲ್ಲಿ ತೋರಿಸಿದ್ದಾರೆ.

ಹೇಂಟೆ ಕೂಗಿದ್ರೆ ಅಪಶಕುನ ಅಂತ ಕೆಲವರು ಅವತ್ತೇ ಕೊಯ್ದುಬಿಡ್ತಾರೆ. ಅಪಶಕುನ ಅಲ್ಲ, ಹೇಂಟೆ ಕೂಗೋದಕ್ಕೆ ಅದ್ರ ಮೈಯೊಳಗೇ ಕಾರಣ ಇದೆ. ಹೇಂಟೆಗೆ ಕೆಲಸ ಮಾಡೋ ಅಂಡಾಶಯ ಎಡಗಡೆ ಒಂದೇ, ಅದಕ್ಕೆ ರೋಗವೋ ವಯಸ್ಸೋ ಆಗಿ ಈಸ್ಟ್ರೋಜೆನ್ ನಿಂತ್ರೆ ಮುಂದಿನ ಸಲ ಗರಿ ಉದುರಿ ಬಂದಾಗ ಚೂಪು ಗರಿ, ಕೆಂಪು ಜುಟ್ಟು, ಕೂಗು ಎಲ್ಲಾ ಬರ್ಬಹುದು. ಮೊಟ್ಟೆ ನಿಲ್ಸಿರ್ತದೆ, ಅಷ್ಟೇ ನಷ್ಟ, ಮನೆಗೇನೂ ಆಗೋದಿಲ್ಲ.

ಈ ತಳಿಗಳಲ್ಲಿ ಹುಷಾರು

ಅಸೀಲ್ ರಕ್ತ ಇರೋ ಮರಿ ಜುಟ್ಟು ಮೂರು ಸಾಲಿನ ಸಣ್ಣ ಗುಬ್ಬುಗಳು, ಎತ್ತರವೇ ಇರೋದಿಲ್ಲ, ಹೇಂಟೆ ಕಾಲೂ ದಪ್ಪ, ಗರಿನೂ ನಿಧಾನ, ಹಾಗಾಗಿ ಮೇಲೆ ಹೇಳಿದ ಆರು ವಾರದ ಲೆಕ್ಕ ಇದಕ್ಕೆ ಹಿಡಿಯೋದಿಲ್ಲ, ಸೊಂಟದ ಗರಿವರೆಗೆ ಕಾಯಿರಿ. ಹೇಂಟೆಗೂ ಕಾಲಿನ ಹಿಂದೆ ಮುಳ್ಳು ಬರ್ತದೆ ಅನ್ನೋದು ನೆನಪಿರ್ಲಿ, ಮುಳ್ಳು ನೋಡಿ ಹುಂಜ ಅನ್ಬೇಡಿ. ಕಡಕ್‌ನಾಥ್‌ನಲ್ಲಿ ಜುಟ್ಟು ಕಪ್ಪು ನೇರಳೆ, ಬಣ್ಣ ಬಿಟ್ಟು ಗಾತ್ರ ನೋಡಿ. ಬೋಳು ಕುತ್ತಿಗೆ ಕೋಳೀಲಿ ಕುತ್ತಿಗೆ ಗರಿನೇ ಇಲ್ಲ, ಸೊಂಟ ನೋಡಿ.

ಸಂತೇಲಿ ತಗೊಳ್ಳೋವಾಗ

ಜಾತ್ರೇಲಿ ಗುಲಾಬಿ ಹಸಿರು ಬಣ್ಣ ಹಾಕಿ ಮಾರೋ ಮರಿ ಇರ್ತದಲ್ಲ, ಅವು ಹೆಚ್ಚಾಗಿ ಮೊಟ್ಟೆ ಕೋಳಿ ಹ್ಯಾಚರಿಯಿಂದ ಬೇಡ ಅಂತ ಬಿಟ್ಟ ಗಂಡುಮರಿಗಳು. ಮೊಟ್ಟೆ ಆಸೆಗೆ ತಗೊಳ್ಬೇಡಿ, ಮಾಂಸಕ್ಕೂ ಅವು ಬೆಳೆಯೋದು ನಿಧಾನ. ಹೀಗೆ ಬೇಡವಾದ ಗಂಡುಮರಿಗಳನ್ನ ಕೊಲ್ಲೋದನ್ನ ಜರ್ಮನಿ 2022ರಿಂದ ನಿಷೇಧ ಮಾಡಿದೆ, ಅಲ್ಲಿ ಈಗ ಮೊಟ್ಟೆಯೊಳಗೇ ಪರೀಕ್ಷೆ ಮಾಡ್ತಾರೆ. ನಮ್ಮಲ್ಲಿ ಅಂಥ ಗಂಡುಮರಿ ಇನ್ನೂ ಜಾತ್ರೆ ಮಾಲು.

ಬೈಕಿಗೆ ಬುಟ್ಟಿ ಕಟ್ಕೊಂಡು ಬರೋರು "ಅಣ್ಣ, ಎಲ್ಲಾ ಹೇಂಟೆನೇ" ಅಂತ ಎರಡು ವಾರದ ನಾಟಿ ಮರಿ ತೋರಿಸಿದ್ರೆ, ಅವರಿಗೂ ಗೊತ್ತಿರೋದಿಲ್ಲ, ಮಾತಾಡ್ದೆ ಅರ್ಧ ಹುಂಜ ಅಂತ ಲೆಕ್ಕ ಹಾಕಿ ರೇಟು ಕೇಳಿ. ಹೇಂಟೆನೇ ಬೇಕು ಅಂದ್ರೆ ಕಾರವಾರದ ಭಾನುವಾರದ ಸಂತೆ ಇರ್ಲಿ ನಿಮ್ಮೂರಿನ ಸಂತೆ ಇರ್ಲಿ, ಮೂರು ತಿಂಗಳು ದಾಟಿದ ಕೋಳಿ ಕೇಳಿ, ಬುಟ್ಟಿಯಿಂದ ತೆಗೆಸಿ ಕೈಯಲ್ಲಿ ಹಿಡ್ಕೊಂಡು ಸೊಂಟದ ಗರಿ ಬಿಡಿಸಿ ನೋಡಿ. ಕೈಗೆ ಕೊಡೋಕೆ ಒಪ್ಪದವರ ಹತ್ರ ವ್ಯಾಪಾರ ಬೇಡ. ರೇಟು ಜಾಸ್ತಿ ಹೇಳ್ತಾರೆ, ಹೇಳ್ಲಿ, ಮರಿಗೆ ಮೂರು ತಿಂಗಳು ನುಚ್ಚು ಹಾಕಿ, ಹದ್ದು ಮುಂಗುಸಿಯಿಂದ ಕಾದು, ಕೊನೆಗೆ ಹುಂಜ ಅಂತ ತಿಳಿಯೋದಕ್ಕಿಂತ ಅಗ್ಗವೇ. ಹೇಂಟೆ ಎಂಟು ಹತ್ತಕ್ಕೆ ಹುಂಜ ಒಂದು ಸಾಕು, ಉಳಿದ ಹುಂಜಗಳನ್ನ ನಾಲ್ಕು ತಿಂಗಳಿಗೆ ಬೇರೆ ಮಾಡಿ, ಇಲ್ಲದಿದ್ರೆ ಎಳೇ ಹೇಂಟೆಗಳ ಬೆನ್ನಿನ ಗರಿ ಕಿತ್ತು ಹಾಕ್ತವೆ.